ಸಭೆಗೆ ಎದ್ದು ಬರಬೇಕಾದವರು ಯಾರು?

‘ಸಾಹೇಬ್ರು ವಿ.ಸಿ.ಯಲ್ಲಿದ್ದಾರೆ, ಕಾಯ್ತಿರಿ.’ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಒಮ್ಮೆಯಾದರೂ ನಿಂತವರಿಗೆ ಈ ಮಾತು ಹೊಸದಲ್ಲ. ವಿ.ಸಿ. ಎಂದರೆ ವಿಡಿಯೊ ಕಾನ್ಫರೆನ್ಸ್. ಬೆಂಗಳೂರಿನ ಕಾರ್ಯದರ್ಶಿಗಳು ಜಿಲ್ಲಾಧಿಕಾರಿಗಳನ್ನು ಪರದೆಯ ಮೇಲೆ ಕರೆಯುತ್ತಾರೆ. ಜಿಲ್ಲಾಧಿಕಾರಿಗಳು ತಹಶೀಲ್ದಾರರನ್ನು, ಜಿಲ್ಲಾ ಪಂಚಾಯಿತಿಯವರು ತಾಲ್ಲೂಕು ಪಂಚಾಯಿತಿಯವರನ್ನು, ಅವರು ಪಿಡಿಒಗಳನ್ನು. ಬರವಿರಲಿ, ಪಡಿತರವಿರಲಿ, ಉದ್ಯೋಗ ಖಾತ್ರಿ ಇರಲಿ, ಒಬ್ಬರೂ ಜೀಪು ಹತ್ತದೆ ಸಭೆ ಮುಗಿಯುತ್ತದೆ. ಅದರಲ್ಲಿ ತಪ್ಪೇನಿಲ್ಲ. ಡೀಸೆಲ್ಲೂ ಉಳಿಯಿತು, ದಿನವೂ ಉಳಿಯಿತು. ಆದರೆ ಈ ಸರಪಳಿ ಪಿಡಿಒ ಮೇಜಿನ ಬಳಿಗೆ ಬಂದು ತಟ್ಟನೆ ನಿಂತುಬಿಡುತ್ತದೆ. ಅಲ್ಲಿಂದ ಮುಂದಿರುವುದು ಪ್ರಜೆ. ಪ್ರಜೆಯ ಬಸ್ ಚಾರ್ಜು, ಪ್ರಜೆಯ ದಿನ ಯಾರ ಲೆಕ್ಕಕ್ಕೂ ಬರುವುದಿಲ್ಲ. ಕೂಲಿ ಬಿಟ್ಟು, ಬಸ್ಸು ಹತ್ತಿ, ಖುದ್ದಾಗಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಾನು ಹೇಳಹೊರಟಿರುವುದು ಇಷ್ಟೇ. ನಮ್ಮಲ್ಲಿ ಈ ವ್ಯವಸ್ಥೆ ತಲೆಕೆಳಗಾಗಿದೆ. ದೂರದಿಂದ ಸಭೆ ಸೇರುವ ಅನುಕೂಲ ಯಾರಿಗೆ ಹಕ್ಕಾಗಿ ಸಿಗಬೇಕೋ ಅವರಿಗೆ ಇಲ್ಲ. ಯಾರು ಜನರೆದುರು ಖುದ್ದಾಗಿ ಕೂರಬೇಕೋ ಅವರಿಗೆ ಧಾರಾಳವಾಗಿ ಇದೆ. ಇದನ್ನು ತಿರುಗಿಸಿ ನಿಲ್ಲಿಸುವ ಒಂದು ನಿಯಮ ಬೇಕು. ಪ್ರಜೆ ದೂರದಿಂದಲೂ ಮಾತಾಡುವಂತಿರಬೇಕು. ಅಧಿಕಾರಿಗಳು, ಚುನಾಯಿತರು ಮಾತ್ರ ಎದುರಿಗೇ ಇರಬೇಕು.

ಇದೆಲ್ಲ ಪುಸ್ತಕದ ಮಾತು ಎನ್ನುವವರು ಒಂದು ಬೆಳಗ್ಗೆ ತುಮಕೂರಿನ ಅಂತರಸನಹಳ್ಳಿಗೆ ಹೋಗಿ ನೋಡಲಿ. ಹೆದ್ದಾರಿಯ ಮಗ್ಗುಲಿನ ಊರು. ಒಂದು ಕಡೆ ತರಕಾರಿ ಮಾರುಕಟ್ಟೆ, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶ. ಮಾರುಕಟ್ಟೆಯಲ್ಲಿ ಮೂಟೆ ಇಳಿಸುವ ಹೊತ್ತನ್ನು ಹಮಾಲಿ ತಪ್ಪಿಸಿಕೊಂಡರೆ ಅಂದಿನ ದುಡಿಮೆ ಹೋಯಿತು. ಕಾರ್ಖಾನೆಯ ಗೇಟಿನೊಳಗೆ ಹೋದವರು ಶಿಫ್ಟು ಮುಗಿಯದೆ ಹೊರಬರುವಂತಿಲ್ಲ. ಗುಬ್ಬಿಯಿಂದ ರೈಲಿನಲ್ಲಿ, ಕುಣಿಗಲ್ಲಿನಿಂದ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವರು, ತುಮಕೂರಿನಿಂದ ಎಪ್ಪತ್ತು ಕಿಲೊಮೀಟರ್ ದೂರದ ಬೆಂಗಳೂರಿಗೆ ದಿನಾ ಹೋಗಿಬರುವವರು, ಎಲ್ಲರೂ ಯಾವುದೋ ಒಂದು ಊರಿನ ಮತದಾರರ ಪಟ್ಟಿಯಲ್ಲಿ ಇದ್ದಾರೆ. ಗ್ರಾಮಸಭೆ ಕರೆಯುವುದೋ ಸಾಮಾನ್ಯವಾಗಿ ಕೆಲಸದ ದಿನ, ಹನ್ನೊಂದು ಗಂಟೆಗೆ. ಶಾಮಿಯಾನದ ಕೆಳಗೆ ಅರ್ಧ ಕುರ್ಚಿ ಖಾಲಿ. ಆಮೇಲೆ ‘ನಮ್ಮ ಜನಕ್ಕೆ ಆಸಕ್ತಿಯೇ ಇಲ್ಲ ಕಣ್ರೀ’ ಎಂಬ ಬೈಗುಳ. ಆಸಕ್ತಿ ಇಲ್ಲದ್ದಲ್ಲ, ರಜೆ ಇಲ್ಲದ್ದು.

ಹೋಗದಿದ್ದರೆ ಏನು ಗಂಟು ಹೋಗುತ್ತದೆ ಎಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ಮನೆಯೇ ಹೋಗುತ್ತದೆ. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ಗ್ರಾಮಸಭೆಯ ಮುಂದೆ ಬರುತ್ತದೆ. ಉದ್ಯೋಗ ಖಾತ್ರಿಯಲ್ಲಿ ಯಾವ ಕಾಮಗಾರಿ ಮೊದಲು ಎಂಬುದು, ಖರ್ಚಿನ ಸಾಮಾಜಿಕ ಲೆಕ್ಕಪರಿಶೋಧನೆಯ ವರದಿ, ಎಲ್ಲವೂ ಅಲ್ಲಿಗೇ ಬರಬೇಕು. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ ಗ್ರಾಮಸಭೆ ಎಂದರೆ ಆಯಾ ಗ್ರಾಮದ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಸೇರಿದ ಮಂಡಳಿ ಎಂದು ಹೇಳಿತು. ಊರಲ್ಲಿ ಆ ಹೊತ್ತಿಗೆ ಬಿಡುವಾಗಿರುವವರು ಎಂದು ಹೇಳಲಿಲ್ಲ. ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಹೆಸರಿಗೆ ಈಗ ‘ಗ್ರಾಮ ಸ್ವರಾಜ್’ ಎಂಬ ಮಾತೂ ಸೇರಿದೆ. ಅದರ ಪ್ರಕಾರ ಗ್ರಾಮಸಭೆಯ ಕೋರಂ ಸದಸ್ಯರ ಹತ್ತನೇ ಒಂದು ಭಾಗ ಇಲ್ಲವೇ ನೂರು ಜನ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಸಾವಿರಾರು ಮತದಾರರ ಪಂಚಾಯಿತಿಯಲ್ಲಿ ನೂರು ಜನ ಸೇರಿದರೆ ಸಾಕು. ಉಳಿದವರ ಪಾಲಿಗೆ ಸಭೆ ನಡೆದುಹೋಗಿರುತ್ತದೆ. ಆ ನೂರೂ ಸೇರದ ಕಡೆ ಸಹಿ ಪುಸ್ತಕ ಮನೆ ಮನೆಗೆ ನಡೆದುಹೋಗುತ್ತದೆ ಎಂಬ ದೂರು ಕೇಳದ ತಾಲ್ಲೂಕು ನಮ್ಮಲ್ಲಿ ಯಾವುದಿದೆ?

ನಗರದವರ ಗತಿಯೂ ಬೇರೆಯಲ್ಲ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎನ್ನುತ್ತದೆ ಸಂವಿಧಾನ. ತುಮಕೂರು 2011ರ ಜನಗಣತಿಯಲ್ಲೇ ಮೂರು ಲಕ್ಷ ದಾಟಿದ, 35 ವಾರ್ಡುಗಳ ನಗರ. ನಿಮ್ಮ ವಾರ್ಡಿನ ಸಮಿತಿ ಕೊನೆಯ ಸಲ ಕೂತದ್ದು ಯಾವಾಗ, ಅದರ ನಡವಳಿ ಎಲ್ಲಿ ಸಿಗುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಿ ನೋಡಿ.

ಈಗ ಇದೇ ದೇಶದ ಇನ್ನೊಂದು ಕಾನೂನನ್ನು ನೋಡೋಣ. 2013ರ ಕಂಪನಿ ಕಾಯ್ದೆಯ 173ನೇ ಕಲಮು ಕಂಪನಿಯ ನಿರ್ದೇಶಕರು ವಿಡಿಯೊ ಮೂಲಕ ಮಂಡಳಿಯ ಸಭೆಗೆ ಹಾಜರಾಗಬಹುದು ಎನ್ನುತ್ತದೆ. ಅದಕ್ಕೆ 2014ರಲ್ಲಿ ಮಾಡಿದ ನಿಯಮಗಳನ್ನು ಓದಿದರೆ ಹೊಟ್ಟೆಕಿಚ್ಚಾಗುತ್ತದೆ. ಸಭೆಯ ಆರಂಭದಲ್ಲಿ ಅಧ್ಯಕ್ಷರು ಹಾಜರಿ ಕೂಗಬೇಕು. ಪ್ರತಿಯೊಬ್ಬ ನಿರ್ದೇಶಕರೂ ತಮ್ಮ ಹೆಸರು, ತಾವು ಕೂತಿರುವ ಸ್ಥಳ, ಕಾರ್ಯಸೂಚಿ ಕೈಸೇರಿದೆಯೇ ಎಂಬುದನ್ನು ಹೇಳಬೇಕು. ಮಾತಾಡುವ ಮುಂಚೆ ಯಾರು ಮಾತಾಡುತ್ತಿರುವುದೆಂದು ತಿಳಿಸಬೇಕು. ನಡುವೆ ಮಾತು ತುಂಡಾದರೆ, ಸರಿಯಾಗಿ ಕೇಳಿಸದಿದ್ದರೆ, ಮತ್ತೆ ಹೇಳಿ ಎಂದು ಅಧ್ಯಕ್ಷರೇ ಕೇಳಿಕೊಳ್ಳಬೇಕು. ಸಭೆ ರೆಕಾರ್ಡ್ ಆಗಬೇಕು, ಆ ರೆಕಾರ್ಡನ್ನು ಕಾದಿಡಬೇಕು. 2020ರ ಸಾಂಕ್ರಾಮಿಕದ ನಂತರ ಷೇರುದಾರರ ಸಭೆಗಳಿಗೂ ಈ ಬಾಗಿಲು ತೆರೆಯಿತು. ಕೈಯಲ್ಲಿ ಒಂದೇ ಒಂದು ಷೇರಿರುವವರೂ ಅಂಥ ವಾರ್ಷಿಕ ಸಭೆಗೆ ಮನೆಯ ಜಗಲಿಯಿಂದ ಸೇರಬಹುದು.

ಒಬ್ಬ ನಿರ್ದೇಶಕನ ಮಾತು ತುಂಡಾದರೆ ಏನು ಮಾಡಬೇಕೆಂದು ಯೋಚಿಸಿದ ಕಾನೂನು, ಒಬ್ಬ ಹಮಾಲಿಯ ಮಾತು ಶುರುವೇ ಆಗದಿದ್ದರೆ ಏನು ಮಾಡಬೇಕೆಂದು ಯೋಚಿಸಲಿಲ್ಲ. ಅಂತರಸನಹಳ್ಳಿಯಲ್ಲಿ ಒಂದು ಕಾರ್ಖಾನೆ ಇದೆ, ಅದರ ಷೇರುದಾರರೊಬ್ಬರು ಮುಂಬೈಯಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಆ ಕಾರ್ಖಾನೆಯ ಭವಿಷ್ಯದ ಬಗ್ಗೆ ಅವರು ಮುಂಬೈಯಿಂದಲೇ ಪ್ರಶ್ನೆ ಕೇಳಬಹುದು. ಆ ಕಾರ್ಖಾನೆಯೊಳಗೆ ದುಡಿಯುವ ಹೆಣ್ಣುಮಗಳು ತನ್ನ ಬೀದಿಯ ಚರಂಡಿಯ ಬಗ್ಗೆ ಎರಡು ಮೈಲಿ ದೂರದಿಂದ ಕೇಳುವಂತಿಲ್ಲ. ದುಡ್ಡು ಹೂಡಿದವರಿಗೆ ಇರುವ ಮರ್ಯಾದೆ ಊರನ್ನೇ ಹೂಡಿದವರಿಗೆ ಇಲ್ಲ.

ತಂತ್ರಜ್ಞಾನ ಹಳ್ಳಿಗೆ ಬಂದಿಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. 2025ರ ಆಗಸ್ಟ್‌ನಲ್ಲಿ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ‘ಸಭಾಸಾರ್’ ಎಂಬ ಸಾಧನವನ್ನು ಹೊರತಂದಿತು. ಗ್ರಾಮಸಭೆಯ ವಿಡಿಯೊ, ಧ್ವನಿಮುದ್ರಣ ಕೊಟ್ಟರೆ ಕೃತಕ ಬುದ್ಧಿಮತ್ತೆಯೇ ನಡವಳಿ ಬರೆದುಕೊಡುತ್ತದೆ. ಅಂದರೆ ಗ್ರಾಮಸಭೆಯಲ್ಲಿ ಆಡಿದ ಮಾತನ್ನು ಇನ್ನೆಲ್ಲೋ ಇರುವ ಯಂತ್ರ ಕೇಳಿಸಿಕೊಳ್ಳಬಹುದು; ಪೀಣ್ಯದಲ್ಲಿ ದುಡಿಯುತ್ತಿರುವ ಅದೇ ಊರಿನ ಮತದಾರ ಕೇಳಿಸಿಕೊಳ್ಳುವಂತಿಲ್ಲ.

ದೊರೆಯ ಬಳಿಗೆ ಪ್ರಜೆಯೇ ನಡೆದುಹೋಗಬೇಕೆಂಬುದು ನಮ್ಮಲ್ಲಿ ಹಳೆಯ ಅಭ್ಯಾಸ. ದಿವಾನ್ ರಂಗಾಚಾರ್ಲು 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಶುರುಮಾಡಿದಾಗ ಮೊದಲ ಸಭೆಗೆ ಸಂಸ್ಥಾನದ ನಾನಾ ಕಡೆಯಿಂದ 144 ಮಂದಿ ಬಂದರು. ದಸರೆಯ ಕಾಲಕ್ಕೆ ಸಭೆ. ಎತ್ತಿನ ಗಾಡಿಯ ಆ ಕಾಲದಲ್ಲಿ ಮೈಸೂರಿಗೆ ಹೋಗದೆ ಬೇರೆ ದಾರಿಯಿರಲಿಲ್ಲ, ಮತ್ತು ಅಂಥ ಸಭೆ ಸೇರಿದ್ದೇ ದೊಡ್ಡ ಮಾತು. ಆದರೆ 2024ರ ಫೆಬ್ರವರಿ 8ರಂದು ವಿಧಾನಸೌಧದ ಆವರಣದಲ್ಲಿ ಮುಖ್ಯಮಂತ್ರಿಗಳ ಜನಸ್ಪಂದನ ನಡೆದಾಗಲೂ ದೂರದ ಜಿಲ್ಲೆಗಳ ಜನ ಅರ್ಜಿ ಹಿಡಿದು ರಾಜಧಾನಿಗೆ ಬಂದು ಸಾಲು ನಿಂತರು. ಕೇಳುವ ಮನಸ್ಸು ಮಾಡಿದ್ದಕ್ಕೆ ಸರ್ಕಾರವನ್ನು ಹೊಗಳೋಣ. ಆದರೆ ದೂರು ಹೇಳಲು ಇಷ್ಟು ದೂರ ಯಾಕೆ ಬರಬೇಕಿತ್ತು ಎಂದೂ ಕೇಳೋಣ.

ಈ ಪ್ರಶ್ನೆಯ ಬಿಸಿ ತುಮಕೂರು ಜಿಲ್ಲೆಗೆ ತಟ್ಟಿದ್ದು ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಗಲಾಟೆಯಲ್ಲಿ. ಹೇಮಾವತಿ ನೀರನ್ನು ಪೈಪಿನಲ್ಲಿ ಕುಣಿಗಲ್ ಕಡೆಗೆ ಒಯ್ಯುವ ಯೋಜನೆ ಅದು. ನಮ್ಮ ಪಾಲಿನ ನೀರು ಇಷ್ಟು ವರ್ಷವೂ ನಮ್ಮನ್ನು ತಲುಪಲಿಲ್ಲ ಎಂಬುದು ಕುಣಿಗಲ್ಲಿನವರ ಅಳಲು. ಮೇಲಿನಿಂದಲೇ ನೀರೆಳೆದರೆ ನಮ್ಮ ನಾಲೆ, ನಮ್ಮ ಕೆರೆ ಒಣಗುತ್ತವೆ ಎಂಬುದು ಗುಬ್ಬಿ ಮತ್ತು ತುಮಕೂರಿನವರ ಭಯ. ಇಬ್ಬರದೂ ತೆಂಗು, ಅಡಿಕೆ. ಇಬ್ಬರದೂ ಬತ್ತಿದ ಕೊಳವೆಬಾವಿ. 2025ರ ಮೇ ತಿಂಗಳ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ನಿಷೇಧಾಜ್ಞೆ, ಪೊಲೀಸರು, ರಸ್ತೆಗಿಳಿದ ಸಾವಿರಾರು ರೈತರು. ಯಾರು ಸರಿ ಎಂದು ತೀರ್ಪು ಕೊಡುವುದು ಈ ಬರಹದ ಕೆಲಸವಲ್ಲ. ಆದರೆ ಇಂಥ ವಿಷಯಕ್ಕೆ ಎಂಥ ಸಭೆ ಬೇಕು ಎಂದು ಯೋಚಿಸಿ. ಗುಬ್ಬಿಯಲ್ಲೊಂದು ಸಭಾಂಗಣ, ಕುಣಿಗಲ್ಲಿನಲ್ಲೊಂದು ಸಭಾಂಗಣ, ನಡುವೆ ಪರದೆಯ ಸಂಪರ್ಕ. ಒಂದು ಕಡೆ ನೀರಾವರಿ ಎಂಜಿನಿಯರು, ಇನ್ನೊಂದು ಕಡೆ ಮಂತ್ರಿಗಳು, ಇಬ್ಬರೂ ಖುದ್ದಾಗಿ. ಎರಡೂ ಊರಿನ ಗೋಡೆಯ ಮೇಲೆ ಒಂದೇ ನೀರಿನ ಲೆಕ್ಕ. ಗುಬ್ಬಿಯ ಮುದುಕ ಕೇಳಿದ್ದು ಕುಣಿಗಲ್ಲಿಗೆ ಕೇಳಿಸಬೇಕು, ಕುಣಿಗಲ್ಲಿನ ಹೆಂಗಸು ಹೇಳಿದ್ದು ಗುಬ್ಬಿಗೆ ಕೇಳಿಸಬೇಕು. ಪರದೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ಇನ್ನೇನಿದೆ? ಬದಲಿಗೆ ಆ ಊರಿನ ಸಿಟ್ಟು ಈ ಊರಿಗೆ ವಾಟ್ಸ್ಆ್ಯಪ್ ವಿಡಿಯೊ ಆಗಿ ಬಂದರೆ, ಲೆಕ್ಕ ಅಲ್ಲೇ ಉಳಿದು ಸಿಟ್ಟು ಮಾತ್ರ ಬರುತ್ತದೆ.

ಆಕ್ಷೇಪಣೆಗಳಿವೆ, ಅವು ಹಗುರವೂ ಅಲ್ಲ.

ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನಿಲ್ಲ ಎಂಬುದು ಮೊದಲನೆಯದು. ನಿಜ. ಹಾಗಾದರೆ ಮಾಮೂಲಿ ಫೋನಿನ ಕರೆಯನ್ನೂ ಒಪ್ಪಿಕೊಳ್ಳಿ. ಮಾತಾಡಲು ಮುಖ ತೋರಿಸಲೇಬೇಕೆಂದಿಲ್ಲ. ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಪಂಚಾಯಿತಿ ಕೇಂದ್ರಕ್ಕೆ ಹೋಗಲಾಗದ ಮುದುಕರು, ಅಂಗವಿಕಲರು ಹತ್ತಿರದ ಇಂಥ ಜಾಗದಲ್ಲಿ ಕೂತು ಸೇರಲಿ. ಮುಖ್ಯವಾಗಿ, ಶಾಮಿಯಾನವನ್ನು ಕಿತ್ತು ಪರದೆ ಹಾಕಿ ಎಂದು ಯಾರೂ ಕೇಳುತ್ತಿಲ್ಲ. ಶಾಮಿಯಾನ ಇರಲಿ, ಅದಕ್ಕೊಂದು ಕಿಟಕಿಯೂ ಇರಲಿ.

ಎರಡನೆಯದು ಕಿಡಿಗೇಡಿಗಳ ಕಾಟ. 2023ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ವಿಡಿಯೊ ಕಲಾಪಕ್ಕೆ ನುಗ್ಗಿದವರು ಅಶ್ಲೀಲ ದೃಶ್ಯ ತೋರಿಸಿದ್ದರಿಂದ ನ್ಯಾಯಾಲಯ ಆ ಸೌಲಭ್ಯವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಆಮೇಲೆ ಅದು ಮತ್ತೆ ಶುರುವಾಯಿತು. ಕಳ್ಳ ನುಗ್ಗಿದನೆಂದು ಕೋರ್ಟು ಬಾಗಿಲನ್ನು ಶಾಶ್ವತವಾಗಿ ಮುಚ್ಚಲಿಲ್ಲ, ಅಗುಳಿ ಬಿಗಿಮಾಡಿತು. ಮತದಾರರ ಪಟ್ಟಿಯ ಹೆಸರು ನೋಡಿ ಒಳಗೆ ಬಿಡುವ ಒಬ್ಬ ಗುಮಾಸ್ತ ಸಾಕು, ಗ್ರಾಮಸಭೆಗೂ ಅಗುಳಿ ಸಿಗುತ್ತದೆ.

ಮೂರನೆಯದು ಹೆಚ್ಚು ಗಟ್ಟಿಯಾದದ್ದು: ಊರು ಬಿಟ್ಟು ಹೋಗಿ ಚೆನ್ನಾಗಿರುವವರು ಪರದೆಯಿಂದ ಊರನ್ನು ಆಳತೊಡಗಿದರೆ? ವರ್ಷಕ್ಕೊಮ್ಮೆ ಜಾತ್ರೆಗೆ ಬರುವವರು ಬಗರ್‌ಹುಕುಂ ಉಳುವವರ ಪಾಡಿನ ಬಗ್ಗೆ ಭಾಷಣ ಮಾಡಿದರೆ? ಈ ಭಯವನ್ನು ಒಪ್ಪುತ್ತೇನೆ. ಅದಕ್ಕೇ ದೂರದಿಂದ ಸೇರಿದವರಿಗೆ ಕೇಳುವ, ಹೇಳುವ, ನಡವಳಿಯಲ್ಲಿ ದಾಖಲಾಗುವ ಹಕ್ಕು ಇರಲಿ. ಕೋರಂ ಎಣಿಕೆಗೆ ಮಾತ್ರ ಅವರು ಬೇಡ. ಕೋರಂ ಶಾಮಿಯಾನದ ಕೆಳಗೇ ಆಗಬೇಕು. ಇಲ್ಲದಿದ್ದರೆ ಸಹಿ ಪುಸ್ತಕ ಮನೆಗೆ ಹೋಗುತ್ತಿದ್ದ ಜಾಗದಲ್ಲಿ ನೂರು ನಕಲಿ ಲಾಗಿನ್‌ಗಳು ಬರುತ್ತವೆ.

ನಾಲ್ಕನೆಯದು ಮ್ಯೂಟ್ ಗುಂಡಿ. ಇಂಗ್ಲೆಂಡಿನ ಹ್ಯಾಂಡ್‌ಫರ್ತ್ ಎಂಬ ಊರಿನ ಪ್ಯಾರಿಷ್ ಕೌನ್ಸಿಲ್ ಹೆಚ್ಚುಕಡಿಮೆ ನಮ್ಮ ಪಂಚಾಯಿತಿಯ ಹಾಗೆ. 2020ರ ಡಿಸೆಂಬರ್‌ನಲ್ಲಿ ಅದು ಝೂಮ್‌ನಲ್ಲಿ ಸೇರಿ ಜಗಳಕ್ಕೆ ಬಿದ್ದಾಗ, ಸಭೆ ನಡೆಸಿಕೊಡಲು ಹೊರಗಿನಿಂದ ಬಂದಿದ್ದ ಅಧಿಕಾರಿಯೊಬ್ಬರು ಗುಂಡಿ ಒತ್ತಿ ಅಧ್ಯಕ್ಷರನ್ನೇ ಹೊರಗಿಟ್ಟರು. ಎರಡು ತಿಂಗಳ ನಂತರ ಆ ವಿಡಿಯೊ ನೋಡಿ ಲೋಕವೆಲ್ಲ ನಕ್ಕಿತು. ನಕ್ಕ ಮೇಲೆ ಯೋಚಿಸಬೇಕಾದ ವಿಷಯವೂ ಅದರಲ್ಲಿದೆ. ಪರದೆಯ ಸಭೆಯಲ್ಲಿ ಗುಂಡಿ ಯಾರ ಕೈಯಲ್ಲಿದೆಯೋ ಅಧಿಕಾರವೂ ಅವರ ಕೈಯಲ್ಲಿ. ಶಾಮಿಯಾನದ ಕೆಳಗೆ ಬಾಯಿ ಮುಚ್ಚಿಸಿದರೆ ನೂರು ಜನ ನೋಡುತ್ತಾರೆ. ಫೋನಿನಲ್ಲಿ ಮುಚ್ಚಿಸಿದರೆ ‘ನೆಟ್‌ವರ್ಕ್ ಹೋಯ್ತು’ ಅನ್ನಬಹುದು. ಗುಂಪಿಗೆ ಇರುವ ಬಲ ಪರದೆಯ ಚೌಕಕ್ಕಿಲ್ಲ ಎನ್ನುವ ಚಳವಳಿಯ ಹಿರಿಯರ ಮಾತು ಇದೇ ಕಾರಣಕ್ಕೆ ಸರಿ. ಆದ್ದರಿಂದಲೇ ಅಧಿಕಾರಸ್ಥರು ಜನರ ನಡುವೆ ಇರಬೇಕೆಂದು ಹಟ ಹಿಡಿದಿರುವುದು.

ಇಂಗ್ಲೆಂಡಿನಿಂದಲೇ ಇನ್ನೊಂದು ಪಾಠವೂ ಇದೆ. ಸಾಂಕ್ರಾಮಿಕದ ಕಾಲಕ್ಕೆಂದು ಅಲ್ಲಿ ಕೊಟ್ಟಿದ್ದ ದೂರಸಭೆಯ ಅನುಮತಿ 2021ರ ಮೇ ಆರಂಭದಲ್ಲಿ ಮುಗಿಯಿತು. ಮುಂದುವರಿಸಬಹುದೇ ಎಂದು ಕೇಳಿದಾಗ, 1972ರ ಸ್ಥಳೀಯ ಆಡಳಿತ ಕಾಯ್ದೆಯಲ್ಲಿ ‘ಸಭೆ’ ಎಂದರೆ ಒಂದು ಜಾಗದಲ್ಲಿ ಖುದ್ದಾಗಿ ಸೇರುವುದೇ ಎಂದು ಹೈಕೋರ್ಟು ಹೇಳಿತು. ಆಪತ್ತಿಗೆ ಕೊಟ್ಟ ಅನುಕೂಲ ಆಪತ್ತಿನ ಜೊತೆಗೇ ಹೋಗುತ್ತದೆ. ಕಾಯ್ದೆಯಲ್ಲಿ ಬರೆದರೆ ಮಾತ್ರ ಉಳಿಯುತ್ತದೆ. ನಮ್ಮಲ್ಲೂ ಒಬ್ಬ ಒಳ್ಳೆಯ ಪಿಡಿಒ ತಮ್ಮ ಪಾಡಿಗೆ ಲೈವ್ ಮಾಡಬಹುದು, ಮುಂದಿನವರು ಬಂದು ನಿಲ್ಲಿಸಬಹುದು. ದಯೆಯಿಂದ ಬಂದದ್ದು ವರ್ಗಾವಣೆಯ ಆದೇಶದ ಜೊತೆ ಹೊರಟುಹೋಗುತ್ತದೆ.

ಹಾಗಾದರೆ ಏನು ಬರೆಯಬೇಕು? ಸಭೆಯ ನೋಟಿಸಿನಲ್ಲಿ ಜಾಗದ ಹೆಸರಿನ ಪಕ್ಕದಲ್ಲೇ ಫೋನ್ ನಂಬರು ಇರಬೇಕು. ತಮಟೆ ಸಾರುವವನ ಬಾಯಲ್ಲೂ ಅದು ಬರಬೇಕು. ಕಾರ್ಯಸೂಚಿ, ಫಲಾನುಭವಿಗಳ ಪಟ್ಟಿ, ಖರ್ಚಿನ ಲೆಕ್ಕ ಒಂದು ವಾರ ಮೊದಲೇ ಕನ್ನಡದಲ್ಲಿ ಸಿಗಬೇಕು. ಶಾಮಿಯಾನದಿಂದ ಒಬ್ಬರು ಮಾತಾಡಿದರೆ ಆಮೇಲೆ ಫೋನಿನಲ್ಲಿ ಕಾದಿರುವವರಿಂದ ಒಬ್ಬರು, ಹೀಗೆ ಸರದಿ ಬರಬೇಕು. ಕೊನೆಗೆ ಸಮಯವಿದ್ದರೆ ನೋಡೋಣ ಎನ್ನುವಂತಿಲ್ಲ. ಯಾರ ಮಾತನ್ನು ನಿಲ್ಲಿಸಿದರು, ಯಾಕೆ ನಿಲ್ಲಿಸಿದರು ಎಂಬುದು ನಡವಳಿಯಲ್ಲಿರಬೇಕು. ಫೋನಿನಲ್ಲೂ ಬಾಯಿಬಿಡಲು ಹೆದರುವವರಿದ್ದಾರೆ. ಊರ ಗೌಡರಿಗೆ ದನಿಯ ಗುರುತು ಸಿಗುತ್ತದೆ. ಅವರು ಮೊದಲೇ ಬರೆದುಕೊಟ್ಟ ಪ್ರಶ್ನೆಯನ್ನು ಹೆಸರು ಹೇಳದೆ ಸಭೆಯಲ್ಲಿ ಓದಬೇಕು. ರೆಕಾರ್ಡು ಯಾರು ಕೇಳಿದರೂ ಸಿಗಬೇಕು.

ಇನ್ನೆರಡು ನಿಯಮಗಳನ್ನು ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಎರವಲು ತರಬಹುದು. ಅಲ್ಲಿ 1953ರಿಂದ ಬ್ರೌನ್ ಕಾಯ್ದೆ ಎಂಬ ಬಹಿರಂಗ ಸಭೆಗಳ ಕಾನೂನಿದೆ. ಅದರ ಸಾಮಾನ್ಯ ನಿಯಮದಂತೆ ಸದಸ್ಯರೊಬ್ಬರು ಬೇರೆ ಜಾಗದಿಂದ ಸಭೆ ಸೇರುವುದಾದರೆ ಆ ಜಾಗವನ್ನು ಮೊದಲೇ ಪ್ರಕಟಿಸಬೇಕು, ಅಲ್ಲಿಗೂ ಸಾರ್ವಜನಿಕರನ್ನು ಬಿಡಬೇಕು. ನಮ್ಮ ಅಧಿಕಾರಿಗಳಿಗೆ ನಿಜಕ್ಕೂ ಬರಲಾಗದ ದಿನಕ್ಕೆ ಈ ನಿಯಮ ಹೇಳಿಮಾಡಿಸಿದಂತಿದೆ: ನೀವು ದೂರದಲ್ಲಿರಿ ಸ್ವಾಮಿ, ಆದರೆ ನೀವು ಕೂತ ಕೋಣೆಯ ಬಾಗಿಲು ತೆಗೆದಿರಿ. ಇನ್ನೊಂದನ್ನು ಅಲ್ಲಿ ಆಮೇಲೆ ಸೇರಿಸಿದರು. ಸದಸ್ಯರು ಆ ಸಾಮಾನ್ಯ ನಿಯಮದಿಂದ ವಿನಾಯಿತಿ ಪಡೆದು ಪರದೆಯಿಂದ ಭಾಗವಹಿಸುವ ಸಭೆಯಲ್ಲಿ ಜನರ ಸಂಪರ್ಕ ಕಡಿದುಹೋದರೆ, ಅದು ಮತ್ತೆ ಸರಿಯಾಗುವವರೆಗೆ ಯಾವ ತೀರ್ಮಾನವನ್ನೂ ಮಾಡುವಂತಿಲ್ಲ. ಈ ಒಂದು ಸಾಲು ನಮ್ಮ ಕಾಯ್ದೆಗೆ ಬಂದರೆ ನೆಟ್‌ವರ್ಕ್ ತನ್ನಷ್ಟಕ್ಕೆ ಸುಧಾರಿಸುತ್ತದೆ. ಫೈಲು ನಿಲ್ಲುವುದೆಂದರೆ ವೈರು ಸರಿಮಾಡುವವರು ಓಡಿಬರುತ್ತಾರೆ.

ಖರ್ಚು ಹೆಚ್ಚೇನಿಲ್ಲ. ಒಂದು ಫೋನು, ಒಂದು ಸ್ಪೀಕರು, ಒಬ್ಬ ಗುಮಾಸ್ತ. ಶಾಮಿಯಾನಕ್ಕೆ, ಹಾರ ತುರಾಯಿಗೆ, ಅಧ್ಯಕ್ಷೀಯ ಭಾಷಣಕ್ಕೆ ಹೊಂದಿಸಿದವರು ಇದಕ್ಕೂ ಹೊಂದಿಸಬಹುದು. ಹೊಂದಿಸಲಾಗದ್ದು ಇನ್ನೊಂದಿದೆ. ಖಾಲಿ ಕುರ್ಚಿಗಳ ಮುಂದೆ ಓದಿ ಮುಗಿಸುತ್ತಿದ್ದ ಪಟ್ಟಿಯನ್ನು, ಮಾರುಕಟ್ಟೆಯಿಂದ, ಕಾರ್ಖಾನೆಯ ಊಟದ ಬಿಡುವಿನಿಂದ, ಓಡುವ ರೈಲಿನಿಂದ ಕೇಳುತ್ತಿರುವ ಕಿವಿಗಳ ಮುಂದೆ ಓದಬೇಕಾಗುತ್ತದೆ. ‘ಆ ಮನೆ ಈಗಾಗಲೇ ಕಟ್ಟಿದೆಯಲ್ಲ ಸಾರ್, ಅದಕ್ಕೆ ಮತ್ತೆ ಯಾಕೆ ಹೆಸರು?’ ಎಂದು ಒಂದು ದನಿ ಸ್ಪೀಕರಿನಿಂದ ಕೇಳುತ್ತದೆ. ಅದಕ್ಕೆ ಉತ್ತರ ಕೊಡಬೇಕಾದವರು ಎದುರಿಗೇ ಕೂತಿರುತ್ತಾರೆ. ವಿರೋಧ ಇರುವುದು ಇಲ್ಲಿ, ನೆಟ್‌ವರ್ಕಿನಲ್ಲಲ್ಲ.

ಊರಿನಿಂದ ಪಟ್ಟಣಕ್ಕೆ ಓದಲು ಬಂದು ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳೇ, ಹದಿನೆಂಟು ತುಂಬಿ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನೀವೂ ಆ ಗ್ರಾಮಸಭೆಯ ಸದಸ್ಯರು. ಮುಂದಿನ ಸಭೆಯ ನೋಟಿಸು ಬಂದಾಗ ನಿಮ್ಮ ಪಂಚಾಯಿತಿಗೆ ಒಂದು ಸಾಲಿನ ಅರ್ಜಿ ಬರೆಯಿರಿ: ‘ನಾನು ಈ ಸಭೆಯ ಸದಸ್ಯ, ಆ ದಿನ ಊರಲ್ಲಿರುವುದಿಲ್ಲ, ಯಾವ ನಂಬರಿಗೆ ಫೋನ್ ಮಾಡಿದರೆ ಸಭೆಗೆ ನನ್ನ ಪ್ರಶ್ನೆ ಕೇಳಿಸುತ್ತದೆ?’ ಅರ್ಜಿಗೆ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ. ಇಂಥ ನಂಬರು ಇಲ್ಲ ಎಂದು ಅವರು ಬರೆದುಕೊಟ್ಟರೂ ಒಳ್ಳೆಯದೇ. ಇಲ್ಲದ ನಿಯಮವೊಂದು ಇಲ್ಲ ಎಂದು ಸರ್ಕಾರಿ ಮೊಹರಿನ ಕೆಳಗೆ ದಾಖಲಾಗುತ್ತದೆ.